ತಮಟೆ ಬೇಕು, ತಮಟೆಯವನು ಬೇಡವೇ?



ಪಟ್ಟಣದ ಕಲಾವಿದರ ಬಾಯಲ್ಲಿ ಈಗ ಒಂದು ಮಾತು ಬಹಳ ಓಡಾಡುತ್ತಿದೆ. 'ದಕ್ಷಿಣ ಏಷ್ಯಾದ ಅಸ್ಮಿತೆ' ಅಂತ. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ, ಶ್ರೀಲಂಕಾ ಎಲ್ಲ ಒಂದೇ ನೆಲ, ಒಂದೇ ಜನ. ಗಡಿ ಎಳೆದವರು ರಾಜಕಾರಣಿಗಳು, ಆ ಗಡಿಯನ್ನು ಕಲೆ ಅಳಿಸುತ್ತದೆ. ಅದಕ್ಕೆ ಚಿತ್ರ ಬರೆಯುವವರು, ಹಾಡುವವರು, ನಾಟಕ ಆಡುವವರು ಎಲ್ಲ ಕೂಡಿ ಕೆಲಸ ಮಾಡಬೇಕು ಅಂತ. ಕೇಳೋದಕ್ಕೆ ಚೆನ್ನಾಗಿದೆ. ಇದಕ್ಕೆ ನಾವು ಅಡ್ಡ ಬರುವವರಲ್ಲ. ಯುದ್ಧ ಬೇಕು ಅಂತ ಕೂಗುವವರಿಗಿಂತ ಹಾಡು ಬೇಕು ಅನ್ನುವವರು ಎಷ್ಟೋ ವಾಸಿ.

ಆದರೆ ನಮ್ಮದೊಂದು ಪ್ರಶ್ನೆ ಇದೆ. ದೆಹಲಿಗೂ ಲಾಹೋರಿಗೂ ನಡುವಿನ ಗಡಿ ಅಳಿಸಲು ಹೊರಟ ಮಹನೀಯರೇ, ಊರಿಗೂ ಕೇರಿಗೂ ನಡುವಿನ ಗಡಿಯನ್ನು ಯಾವತ್ತು ಅಳಿಸುತ್ತೀರಿ? ಆ ಗಡಿ 1947ರಲ್ಲಿ ಎಳೆದದ್ದಲ್ಲ. ಅದನ್ನು ಕಾಯೋಕೆ ಸೈನಿಕರೂ ಬೇಕಿಲ್ಲ. ಹೋಟೆಲಿನ ಲೋಟ ಸಾಕು, ಗುಡಿಯ ಹೊಸಿಲು ಸಾಕು, ಬಾಡಿಗೆ ಮನೆ ಕೇಳಲು ಹೋದಾಗ 'ನೀವು ಯಾವ ಜನ?' ಅನ್ನುವ ಒಂದು ಮಾತು ಸಾಕು.

ಕಳ್ಳಂಬೆಳ್ಳದಲ್ಲಿ ನಿಂತು ನೋಡಿದರೆ ಈ ಕೂಡು ಅಸ್ಮಿತೆ ಅನ್ನೋದು ಪುಸ್ತಕದಿಂದ ಕಲಿಯುವ ವಿಷಯವೇ ಅಲ್ಲ. ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿ ನಮ್ಮ ಪಕ್ಕದಲ್ಲೇ ಹಾದು ಹೋಗಿದೆ. ನಾಲ್ಕು ರಾಜ್ಯದ ಲಾರಿಗಳು, ನಾಲ್ಕು ಭಾಷೆಯ ಬೈಗುಳಗಳು ದಿನಾ ನಮ್ಮ ಕಿವಿಗೆ ಬೀಳುತ್ತವೆ. ಶಿರಾಕ್ಕೆ ಹೋದರೆ ಬಿಜಾಪುರದವರ ಕಾಲದ ಮಲಿಕ್ ರಿಹಾನ್ ದರ್ಗಾ ಇದೆ, ಮೊಗಲರ ಕಾಲದ ಜಾಮಿಯಾ ಮಸೀದಿ ಇದೆ. 1687ರಿಂದ ಎಷ್ಟೋ ವರ್ಷ ಶಿರಾ ಮೊಗಲರ ಸುಬಾದ ರಾಜಧಾನಿಯಾಗಿತ್ತು. ಇದೇ ಶಿರಾ ಸೀಮೆಯಲ್ಲಿ ಕಾಡುಗೊಲ್ಲರು ಉದ್ದನೆ ಬಿದಿರಿನ ಗಣೆ ಊದಿಕೊಂಡು ಜುಂಜಪ್ಪನ ಕಥೆ ಹಾಡುತ್ತಾರೆ. ಪಾವಗಡದ ಕಡೆಗೆ ಹೋದರೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಮಧುಗಿರಿ, ಪಾವಗಡದ ನಮ್ಮ ಕೇರಿಗಳಲ್ಲಿ ಅವ್ವ ತೆಲುಗಿನಲ್ಲಿ ಅಳುತ್ತಾಳೆ, ಮಗ ಕನ್ನಡದಲ್ಲಿ ಅರ್ಜಿ ಬರೆಯುತ್ತಾನೆ. ಗಡಿಯಾಚೆ ಮಡಕಶಿರಾದಲ್ಲಿ ನಮ್ಮ ನೆಂಟರು. ಬೆರೆತ ಬದುಕು ಅಂದರೆ ಇದೇ ಅಲ್ಲವೇ? ಇದನ್ನು ಯಾರೂ ಯೋಜನೆ ಹಾಕಿ ಕಟ್ಟಿದ್ದಲ್ಲ.

ಆದರೆ ಇಷ್ಟೆಲ್ಲ ಬೆರೆತ ಮೇಲೂ ಬೆರೆಯದೆ ಉಳಿದದ್ದು ಒಂದಿದೆ. ಭಾಷೆ ಬೆರೆಯಿತು, ದೇವರು ಬೆರೆಯಿತು, ಅಡಿಗೆ ಬೆರೆಯಿತು. ಕೇರಿ ಮಾತ್ರ ಬೆರೆಯಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಏನಾಯ್ತು ನೆನಪು ಮಾಡಿಕೊಳ್ಳಿ. ಚಿತ್ರದುರ್ಗದ ಸಂಸದರಾಗಿದ್ದ ಎ. ನಾರಾಯಣಸ್ವಾಮಿಯವರು ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಗೆ ಹೋದರೆ, ದಲಿತರು ಒಳಗೆ ಬರುವ ಪದ್ಧತಿ ಇಲ್ಲ ಅಂತ ಹೊರಗೇ ನಿಲ್ಲಿಸಿ ವಾಪಸ್ ಕಳಿಸಿದರು. ಸುದ್ದಿ ದೇಶಕ್ಕೆಲ್ಲ ಹಬ್ಬಿದ ಮೇಲೆ ಕರೆದು ಸಮಾಧಾನ ಮಾಡಿದರು, ಆ ಮಾತು ಬೇರೆ. ಲಕ್ಷಾಂತರ ಓಟು ಪಡೆದು ಪಾರ್ಲಿಮೆಂಟಿಗೆ ಹೋದ ಮನುಷ್ಯನಿಗೇ ಈ ಗತಿ ಅಂದ ಮೇಲೆ ಹಾಸ್ಟೆಲ್ ಹುಡುಗನ ಪಾಡೇನು? ನಾವು ಆ ಹಟ್ಟಿಯ ಬಡ ಕಾಡುಗೊಲ್ಲರ ಮೇಲೆ ಕಲ್ಲು ಎಸೆಯೋಕೆ ಇದನ್ನು ಹೇಳುತ್ತಿಲ್ಲ. ಅವರೂ ನಮ್ಮಂತೆ ಹೊಟ್ಟೆಗಿಲ್ಲದವರು, ಮುಟ್ಟಾದ ಹೆಂಗಸರನ್ನು ಹಟ್ಟಿಯಿಂದ ಹೊರಗಿಡುವ ಕಷ್ಟದಲ್ಲಿ ಅವರ ಹೆಣ್ಣುಮಕ್ಕಳೇ ನರಳಿದವರು. ಜುಂಜಪ್ಪನ ಹಾಡನ್ನು ನಾವೂ ಕೇಳಿ ಬೆಳೆದಿದ್ದೇವೆ. ಹಾಡು ಹಟ್ಟಿಯಿಂದ ಹೊರಗೆ ಬರುತ್ತದೆ, ನಾವು ಹಟ್ಟಿಯ ಒಳಗೆ ಹೋಗುವಂತಿಲ್ಲ. ಇದು ನಮ್ಮ ಜಿಲ್ಲೆಯ ಅಸ್ಮಿತೆ.

ದಕ್ಷಿಣ ಏಷ್ಯಾ ಒಂದೇ ಅಂತ ನಾವೂ ಒಪ್ಪುತ್ತೇವೆ. ಆದರೆ ಅದಕ್ಕೆ ನಾವು ಕೊಡುವ ಸಾಕ್ಷಿ ಬೇರೆ. ಅವರು ತಾಜಮಹಲು, ಗಜಲು, ಬಿರಿಯಾನಿ ತೋರಿಸುತ್ತಾರೆ. ನಾವು ಚರ್ಮದ ವಾದ್ಯ ತೋರಿಸುತ್ತೇವೆ.

ನಮ್ಮಲ್ಲಿ ಮಾರಿಹಬ್ಬಕ್ಕೆ ತಮಟೆ ಬೇಕು, ಹೆಣ ಎತ್ತೋಕೆ ತಮಟೆ ಬೇಕು, ಡಂಗುರ ಹಾಕೋಕೆ ತಮಟೆ ಬೇಕು. ಬಡಿಯುವವನು ಯಾರು ಅಂತ ಹೇಳಬೇಕಾಗಿಲ್ಲ. ತಮಿಳುನಾಡಿನಲ್ಲಿ ಪರೈ. ಆ ವಾದ್ಯದ ಹೆಸರೇ ಒಂದು ಜಾತಿಯ ಹೆಸರಾಗಿ, ಆ ಜಾತಿಯ ಹೆಸರು ಇಂಗ್ಲಿಷ್ ಡಿಕ್ಷನರಿಯಲ್ಲಿ 'ಬಹಿಷ್ಕೃತ' ಅನ್ನುವ ಅರ್ಥಕ್ಕೆ ಕೂತುಬಿಟ್ಟಿತು. ಬಂಗಾಳದಲ್ಲಿ ದುರ್ಗಾಪೂಜೆಗೆ ಢಾಕ್ ಬೇಕೇ ಬೇಕು; ಅದನ್ನು ಹೆಗಲಿಗೆ ಹಾಕಿಕೊಂಡು ಬರುವವರಲ್ಲಿ ಬಹುಪಾಲು ಚರ್ಮದ ಕೆಲಸದ ಜಾತಿಯವರು. ಗಡಿ ದಾಟಿ ಬಾಂಗ್ಲಾದೇಶಕ್ಕೆ ಹೋದರೆ ಅಲ್ಲೂ ಋಷಿ ಅನ್ನುವ ಹೆಸರಿನ ಅದೇ ಜನ, ಅದೇ ಚರ್ಮ, ಅದೇ ವಾದ್ಯ. ನೇಪಾಳದಲ್ಲಿ ದಮಾಯಿ ಜನ ಪಂಚೆ ಬಾಜಾ ನುಡಿಸದೆ ಮದುವೆ ಶುಭವಾಗುವುದಿಲ್ಲ. ನುಡಿಸಿದವನು ಮಾತ್ರ ಆ ಮದುವೆ ಮನೆಯ ಒಳಗೆ ಕಾಲಿಡುವಂತಿರಲಿಲ್ಲ. ಹೋಗಲಿ, ಬುದ್ಧನ ನಾಡು ಶ್ರೀಲಂಕಾ? ಕ್ಯಾಂಡಿಯಲ್ಲಿ ಬುದ್ಧನ ದಂತಧಾತುವಿನ ಹೆಸರಲ್ಲಿ ನಡೆಯುವ ಮೆರವಣಿಗೆಗೆ ವಂಶಪಾರಂಪರ್ಯವಾಗಿ ಮದ್ದಳೆ ಬಾರಿಸುತ್ತ ಬಂದವರು ಬೆರವ ಜಾತಿಯವರು. ಅವರನ್ನೂ ಕೀಳು ಅಂತಲೇ ಕಂಡರು.

ನೋಡಿದಿರಾ? ದೇಶ ನಾಲ್ಕು, ಧರ್ಮ ಮೂರು, ಭಾಷೆ ಹತ್ತಾರು. ಕಾನೂನು ಒಂದೇ: ನಾದ ಮಂಗಳ, ನುಡಿಸುವ ಕೈ ಅಮಂಗಳ. ಭಾರತದ ಸಂವಿಧಾನ 1950ರಲ್ಲಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ನೇಪಾಳ 1963ರಲ್ಲಿ ತನ್ನ ಹಳೇ ಮುಲುಕಿ ಐನ್ ಬದಲಿಸಿ ಜಾತಿಯ ಕಟ್ಟಳೆಗಳನ್ನು ತೆಗೆಯಿತು. ಕಾಗದದ ಮೇಲೆ ಎಲ್ಲ ಸರಿಯಾಗಿದೆ. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಹೊದಿಸಿದ ತಮಟೆಗಳೂ ಬಂದಿವೆ, ಅದನ್ನು ಬೆಂಕಿಯಲ್ಲಿ ಕಾಯಿಸಬೇಕಾಗಿಯೂ ಇಲ್ಲ. ಚರ್ಮ ಹೋಯಿತು, ಮೈಲಿಗೆ ಮಾತ್ರ ಹೋಗಲಿಲ್ಲ! ಹಾಗಾದರೆ ಮೈಲಿಗೆ ಇದ್ದದ್ದು ಚರ್ಮದಲ್ಲೋ, ಅವರ ತಲೆಯಲ್ಲೋ?

ಇನ್ನೊಂದು ಸಂಗತಿ ಕೇಳಿ. ಈ ಉಪಖಂಡದ ರಾಜಕೀಯ ಗಡಿಗಳನ್ನು ದಾಟಿ ಯೋಚನೆ ಮಾಡಿದವರಲ್ಲಿ ನಮ್ಮವರೇ ಮೊದಲಿಗರು. ಬಾಬಾಸಾಹೇಬರು 1946ರಲ್ಲಿ ಸಂವಿಧಾನ ಸಭೆಗೆ ಮೊದಲು ಆಯ್ಕೆಯಾದದ್ದು ಅವರ ಬೊಂಬಾಯಿ ಪ್ರಾಂತ್ಯದಿಂದಲ್ಲ, ಬಂಗಾಳದಿಂದ. ಅದಕ್ಕೆ ದುಡಿದವರು ಅಲ್ಲಿನ ನಮಶೂದ್ರ ನಾಯಕ ಜೋಗೇಂದ್ರನಾಥ ಮಂಡಲ್. ದೇಶ ಒಡೆದ ಮೇಲೆ ಬಾಬಾಸಾಹೇಬರು ಭಾರತದ ಮೊದಲ ಕಾನೂನು ಮಂತ್ರಿ, ಮಂಡಲ್ ಪಾಕಿಸ್ತಾನದ ಮೊದಲ ಕಾನೂನು ಮಂತ್ರಿ. ಎರಡು ಹೊಸ ದೇಶಗಳಿಗೂ ಕಾನೂನು ಹೇಳಲು ಕೂತವರು ಅಸ್ಪೃಶ್ಯರೆಂದು ಹೊರಗಿಟ್ಟ ಜನರ ಮಕ್ಕಳು! 1950ರಲ್ಲಿ ಮಂಡಲ್ ಮನಸ್ಸು ಮುರಿದುಕೊಂಡು ರಾಜೀನಾಮೆ ಕೊಟ್ಟು ಭಾರತಕ್ಕೆ ಬಂದರು. 1951ರಲ್ಲಿ ಬಾಬಾಸಾಹೇಬರೂ ಮಂತ್ರಿಗಿರಿಗೆ ರಾಜೀನಾಮೆ ಕೊಟ್ಟರು. ದಕ್ಷಿಣ ಏಷ್ಯಾದ ಅಸ್ಮಿತೆ ಅಂತ ಪ್ರದರ್ಶನ ಇಡುವವರು ಈ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ಚಿತ್ರ ಬರೆಯುವುದು ಯಾವಾಗ?

ಸಮುದ್ರ ದಾಟಿದರೂ ಇದೇ ಕಥೆ. ಅಮೆರಿಕಕ್ಕೆ ಹೋದವರು ಅಲ್ಲಿ ತಮ್ಮನ್ನು 'ಸೌತ್ ಏಷಿಯನ್' ಅಂದುಕೊಳ್ಳುತ್ತಾರೆ. ಜಾತಿ ಊರಲ್ಲೇ ಬಿಟ್ಟು ಬಂದೆವು ಅಂತಾರೆ. ಬಿಟ್ಟು ಹೋಗಿದ್ದರೆ 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರಸಭೆ ಜಾತಿ ತಾರತಮ್ಯಕ್ಕೆ ನಿಷೇಧ ಹಾಕುವ ಪ್ರಮೇಯ ಯಾಕೆ ಬರುತ್ತಿತ್ತು? ಅದೇ ವರ್ಷ ಕ್ಯಾಲಿಫೋರ್ನಿಯಾದ ಎರಡೂ ಸದನಗಳು ಇಂಥದೇ ಒಂದು ಮಸೂದೆ ಪಾಸು ಮಾಡಿದವು. ಅಕ್ಟೋಬರಿನಲ್ಲಿ ಗವರ್ನರ್ ಅದಕ್ಕೆ ಸಹಿ ಹಾಕಲಿಲ್ಲ, ಇರುವ ಕಾನೂನೇ ಸಾಕು ಅಂದರು. ಅದನ್ನು ವಿರೋಧಿಸಿ ಬೀದಿಗಿಳಿದವರೂ 'ಸೌತ್ ಏಷಿಯನ್ನರೇ', ಬೇಕು ಅಂತ ಉಪವಾಸ ಕೂತವರೂ 'ಸೌತ್ ಏಷಿಯನ್ನರೇ'. ಆದ್ದರಿಂದ ಒಂದು ಹೆಸರಿನ ಕೊಡೆ ಹಿಡಿದ ಮಾತ್ರಕ್ಕೆ ಎಲ್ಲರ ತಲೆಯೂ ನೆನೆಯದೆ ಉಳಿಯುತ್ತದೆ ಅನ್ನುವ ಭ್ರಮೆ ನಮಗೆ ಬೇಡ. ಕೊಡೆಯ ಕೆಳಗೆ ಯಾರನ್ನು ಎಲ್ಲಿ ನಿಲ್ಲಿಸಿದ್ದಾರೆ ಅಂತ ನೋಡಬೇಕು.

ಈಗ 'ಕೂಡಿ ಮಾಡುವ ಕಲೆ'ಯ ವಿಷಯಕ್ಕೆ ಬರೋಣ.

ಇದರಲ್ಲಿ ಎರಡು ಬಗೆ ಇದೆ. ಒಂದು ನಮಗೆ ಚೆನ್ನಾಗಿ ಗೊತ್ತಿರುವುದು. ಪಟ್ಟಣದ ಒಂದು ಸಂಸ್ಥೆಯವರು, ಹೆಸರು ಬೇಡ, ನಮ್ಮ ಕಡೆಯ ತಮಟೆಯವರನ್ನು ವ್ಯಾನಿನಲ್ಲಿ ತುಂಬಿಕೊಂಡು ಹೋದರು. ಜೊತೆಗೆ ಹಾಡು ಬರೆದುಕೊಡಿ ಅಂತ ನಮ್ಮನ್ನೂ ಕರೆದರು. ನಾಲ್ಕು ದಿನ ಅಭ್ಯಾಸ. ಕಥೆ ಅವರದು, ಮಾತು ಅವರದು, ಎಲ್ಲಿ ತಮಟೆ ಏಳಬೇಕು ಎಲ್ಲಿ ನಿಲ್ಲಬೇಕು ಅನ್ನುವ ತೀರ್ಮಾನವೂ ಅವರದು. ಪ್ರದರ್ಶನದ ದಿನ ಕೈಗೆ ಬಂದ ಕಾಗದದಲ್ಲಿ ಬೆಳಕು ಬಿಟ್ಟವರ ಹೆಸರಿತ್ತು, ಬಟ್ಟೆ ಹೊಲಿದವರ ಹೆಸರಿತ್ತು. ತಮಟೆ ಬಡಿದ ಆರು ಜನಕ್ಕೆ ಸೇರಿಸಿ 'ಜಾನಪದ ತಂಡ, ತುಮಕೂರು ಜಿಲ್ಲೆ' ಅಂತ ಒಂದೇ ಸಾಲು. ಜಾನಪದಕ್ಕೆ ಅಪ್ಪ ಅವ್ವ ಇಲ್ಲವಂತೆ! ನಮ್ಮ ಹಿರಿಯರು ಊರ ಹಬ್ಬದಲ್ಲಿ ಬಡಿದಾಗಲೂ ಹೆಸರಿರಲಿಲ್ಲ, ಇಲ್ಲಿ ಏರ್‌ಕಂಡೀಷನ್ ಹಾಲಿನಲ್ಲಿ ಬಡಿದರೂ ಹೆಸರಿಲ್ಲ. ಊರಗೌಡ ಬಿಡಿಗಾಸು ಎಸೆಯುತ್ತಿದ್ದ, ಇವರು ಕವರಿನಲ್ಲಿ ಹಾಕಿ ಕೊಟ್ಟರು. ವ್ಯತ್ಯಾಸ ಅಷ್ಟೇ.

ಎರಡನೇ ಬಗೆ ಬೇರೆ. ಅದಕ್ಕೆ ನಮ್ಮ ಜಿಲ್ಲೆಯಿಂದಲೇ ಉದಾಹರಣೆ ಕೊಡುತ್ತೇವೆ. ತುಮಕೂರಿನಲ್ಲಿ ಪಾಠ ಹೇಳುತ್ತ, ದಲಿತ ಸಂಘರ್ಷ ಸಮಿತಿಯಲ್ಲಿ ಓಡಾಡುತ್ತ, 'ಬಕಾಲ', 'ದಕ್ಲಕಥಾದೇವಿ ಕಾವ್ಯ', 'ಅನಾತ್ಮ', 'ಗಲ್ಲೆಬಾನಿ' ಅನ್ನುವ ಖಂಡಕಾವ್ಯಗಳನ್ನು ಬರೆದ ಕೆ.ಬಿ. ಸಿದ್ದಯ್ಯನವರು 2019ರಲ್ಲಿ ತೀರಿಕೊಂಡರು. ಅವರ ಬರಹ ಕಷ್ಟ, ಅರ್ಥವಾಗಲ್ಲ ಅಂತ ದೂರುತ್ತಿದ್ದವರು ಬಹಳ. ಅವರು ಹೋದ ಮೇಲೆ ಕೆ.ಪಿ. ಲಕ್ಷ್ಮಣ ಮತ್ತು ಗೆಳೆಯರ 'ಜಂಗಮ ಕಲೆಕ್ಟಿವ್' ಅದೇ ಬರಹವನ್ನು ಹಿಡಿದು 'ದಕ್ಲಕಥಾದೇವಿ ಕಾವ್ಯ' ಅನ್ನುವ ನಾಟಕ ಕಟ್ಟಿತು. ಅರೆ, ತಮಟೆ ಅಲ್ಲಿ ಹಿಮ್ಮೇಳವಲ್ಲ. ನಾಟಕದ ಉಸಿರೇ ಅದು. ಪುಸ್ತಕದಲ್ಲಿ ಅರ್ಥವಾಗಲಿಲ್ಲ ಅಂದವರಿಗೆ ತಮಟೆಯ ಬಡಿತದಲ್ಲಿ ಅರ್ಥವಾಯಿತು. ಇದೇ ತಂಡ ಆಮೇಲೆ 'ಬಾಬ್ ಮಾರ್ಲಿ ಫ್ರಮ್ ಕೋಡಿಹಳ್ಳಿ' ಮಾಡಿತು. ಪಟ್ಟಣ ಸೇರಿದ ದಲಿತ ಹುಡುಗ ಹುಡುಗಿಯರು ತಮ್ಮ ಗುರುತನ್ನು ಮುಚ್ಚಿಡಬೇಕೋ ಬಿಚ್ಚಿಡಬೇಕೋ ಅಂತ ಒಳಗೊಳಗೇ ಬೇಯುವ ಸಂಕಟ ಅದು. ಹೆಸರಿನಲ್ಲೇ ನೋಡಿ: ಜಮೈಕಾದ ಕಪ್ಪು ಹಾಡುಗಾರನೂ ಕೋಡಿಹಳ್ಳಿಯೂ ಒಂದೇ ಸಾಲಿನಲ್ಲಿ. ನಮ್ಮ ನೆಂಟಸ್ತನ ದಕ್ಷಿಣ ಏಷ್ಯಾದ ನಕ್ಷೆಗೆ ಸಾಲೋದಿಲ್ಲ. 1972ರಲ್ಲಿ ಬೊಂಬಾಯಿಯ ನಾಮದೇವ ಧಸಾಳ್, ರಾಜಾ ಢಾಲೆ, ಜೆ.ವಿ. ಪವಾರ್ ಮೊದಲಾದ ಹುಡುಗರು ತಮ್ಮ ಸಂಘಟನೆಗೆ ಅಮೆರಿಕದ ಕಪ್ಪು ಜನರ ಚಳವಳಿಯಿಂದ 'ಪ್ಯಾಂಥರ್' ಅನ್ನುವ ಹೆಸರು ತಂದುಕೊಂಡಾಗಲೇ ಅದು ಗೊತ್ತಾಗಿತ್ತು.

ಮದ್ರಾಸಿನ ಕಡೆ ನೋಡಿ. 2017ರಲ್ಲಿ ಸಿನಿಮಾ ನಿರ್ದೇಶಕ ಪಾ. ರಂಜಿತ್ ಮುಂದೆ ನಿಂತು 'ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ಅನ್ನುವ ಹಾಡಿನ ತಂಡ ಕಟ್ಟಿದರು. ಸಾವಿನ ಮನೆಯ ಗಾನಾ ಹಾಡಿನವರು, ಪರೈ ಬಡಿಯುವವರು, ಗಿಟಾರಿನವರು, ರ್‍ಯಾಪ್ ಹಾಡುವವರು ಒಂದೇ ವೇದಿಕೆ ಮೇಲೆ ನಿಂತರು. ಆ ಹೆಸರು ಅಯೋತಿ ದಾಸ್ ಪಂಡಿತರ 'ಜಾತಿ ಇಲ್ಲದ ತಮಿಳರು' ಅನ್ನುವ ಮಾತಿನಿಂದ ಬಂದದ್ದು. ನಮ್ಮ ಪಕ್ಕದ ಕೋಲಾರದಲ್ಲಿ ಕೋಟಿಗಾನಹಳ್ಳಿ ರಾಮಯ್ಯನವರೂ ಗೆಳೆಯರೂ ತೇರಹಳ್ಳಿ ಬೆಟ್ಟದ ಮೇಲೆ 'ಆದಿಮ' ಕಟ್ಟಿ ಹುಣ್ಣಿಮೆ ರಾತ್ರಿ ಹಾಡು ನಾಟಕ ನಡೆಸಿದರು. ಈ ಮೂರು ಕಡೆಯೂ ಒಂದು ಸಂಗತಿ ಸಮಾನ: ತಮಟೆ ಹಿಡಿದವನೇ ಮಾತೂ ಹಿಡಿದ. ಏನು ಹೇಳಬೇಕು ಅಂತ ತೀರ್ಮಾನ ಮಾಡಿದವರು ಕೇರಿಯ ಮಕ್ಕಳೇ. ಬೇರೆ ಜಾತಿಯವರು ಬರಲಿಲ್ಲವೇ? ಬಂದರು, ಬರಲಿ. ಬಂದವರು ಕಲಿಯೋಕೆ ಬರಲಿ, ನಮ್ಮನ್ನು ಬಳಸೋಕೆ ಬೇಡ.

ಇಲ್ಲಿ ನಮ್ಮೊಳಗೇ ಒಂದು ಜಗಳ ಇದೆ. ಅದನ್ನು ಮುಚ್ಚಿಡುವುದು ಬೇಡ. ನಮ್ಮ ಚಳವಳಿಯ ಹಿರಿಯರು ಎಷ್ಟೋ ಊರುಗಳಲ್ಲಿ 'ಇನ್ನು ತಮಟೆ ಬಡಿಯಲ್ಲ, ಹೆಣ ಹೊರಲ್ಲ, ಸತ್ತ ದನ ಎತ್ತಲ್ಲ' ಅಂತ ಶಪಥ ಮಾಡಿದರು. ಅದಕ್ಕಾಗಿ ಬಹಿಷ್ಕಾರ ಉಂಡರು, ಏಟು ತಿಂದರು. ಇವತ್ತು ನೀವು ಅದೇ ತಮಟೆಯನ್ನು ಕಲೆ ಅಂತ ವೇದಿಕೆಗೆ ತರುತ್ತೀರಲ್ಲ, ಅವರ ಹೋರಾಟಕ್ಕೆ ಏನು ಬೆಲೆ ಕೊಟ್ಟಿರಿ ಅಂತ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹಾಸ್ಟೆಲಿನಲ್ಲಿ ಓದುವ ಎಷ್ಟೋ ತಮ್ಮಂದಿರಿಗೆ ತಮಟೆ ಅಂದರೆ ನಾಚಿಕೆ. ಅಪ್ಪ ತಮಟೆ ಬಡಿಯುವುದನ್ನು ಕ್ಲಾಸಿನ ಗೆಳೆಯರು ನೋಡಿಬಿಟ್ಟರೆ ಅನ್ನುವ ಅಂಜಿಕೆ. ಆ ಅಂಜಿಕೆಯನ್ನು ಹಗುರವಾಗಿ ಕಾಣಬೇಡಿ. ಅದು ಅವರು ಕೊಟ್ಟ ಗಾಯ.

ನಮ್ಮ ಅಭಿಪ್ರಾಯ ಇಷ್ಟು. ಹಿರಿಯರು ಬಿಟ್ಟದ್ದು ತಮಟೆಯನ್ನಲ್ಲ, ಬಿಟ್ಟಿಯನ್ನು. 'ನೀನು ಈ ಜಾತಿಯಲ್ಲಿ ಹುಟ್ಟಿದ್ದೀಯ, ಬಂದು ಬಡಿ' ಅನ್ನುವ ಅಪ್ಪಣೆಯನ್ನು. ಒಲ್ಲೆ ಅನ್ನುವ ಹಕ್ಕು ಇಲ್ಲದ ಕಡೆ ಬಡಿಯುವುದು ಜೀತ. ಒಲ್ಲೆ ಅನ್ನುವ ಹಕ್ಕು ಇರುವ ಕಡೆ ಬಡಿಯುವುದು ಕಲೆ. ಚಿಂತಾಮಣಿ, ಶಿಡ್ಲಘಟ್ಟದ ಸೀಮೆಯಲ್ಲಿ ಬೆಳೆದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಬಂದದ್ದು ತಮಟೆಗೆ. ನಾವು ಸಂತೋಷಪಟ್ಟೆವು, ಯಾಕೆ ಪಡಬಾರದು? ಆದರೆ ದೆಹಲಿಯಲ್ಲಿ ಒಬ್ಬರಿಗೆ ಪದಕ ಬಂತು ಅಂತ ಊರಲ್ಲಿ ಒಲ್ಲೆ ಅಂದವನಿಗೆ ಬೀಳುವ ಏಟು ನಿಲ್ಲುವುದಿಲ್ಲ. ಪದಕದ ಲೆಕ್ಕ ಬೇರೆ, ಏಟಿನ ಲೆಕ್ಕ ಬೇರೆ. ಎರಡನ್ನೂ ಬರೆದಿಡಬೇಕು.

ಇನ್ನೂ ಒಂದು ಮಾತು, ಇದು ನಮ್ಮ ಕಡೆಗೇ ತಿರುಗುವ ಮಾತು. ದಕ್ಕಲರು ಯಾರು? ಮಾದಿಗರ ಹಳೇಮಕ್ಕಳು. ಜಾಂಬವನ ಪುರಾಣ ಹೇಳುತ್ತ ಮಾದಿಗ ಕೇರಿಗೆ ಬರುವವರು. ಅಕ್ಷರ ಇಲ್ಲದ ನಮ್ಮ ಕುಲಕ್ಕೆ ಚರಿತ್ರೆಯನ್ನು ನಾಲಿಗೆಯಲ್ಲಿ ಇಟ್ಟು ಕಾಪಾಡಿದವರು. ಅವರನ್ನು ಕೇರಿಯವರೇ ಮನೆಯೊಳಕ್ಕೆ ಸೇರಿಸಲಿಲ್ಲ. ಅಸ್ಪೃಶ್ಯರಿಗೂ ಅಸ್ಪೃಶ್ಯರು! ಸಿದ್ದಯ್ಯನವರು ದಕ್ಲದೇವಿಯ ಹೆಸರಿನಲ್ಲಿ ಕಾವ್ಯ ಬರೆದದ್ದು ಸುಮ್ಮನೆ ಅಲ್ಲ. ಊರಿನವರು ನಮ್ಮನ್ನು ಒಳಗೆ ಬಿಡಲಿ ಅಂತ ಕೇಳುವ ನಾವು ದಕ್ಕಲರನ್ನು ಒಳಗೆ ಕರೆದಿದ್ದೇವೆಯೇ? ಹೊಲೆಯ ಮಾದಿಗ ಅಂತ ಹಾಸ್ಟೆಲಿನ ಊಟದ ಸಾಲಿನಲ್ಲೂ ಬೇರೆ ಬೇರೆ ಕೂರುವುದು ನಿಂತಿದೆಯೇ? ಹೆಣ್ಣುಮಕ್ಕಳ ಕೈಗೆ ತಮಟೆ ಕೊಟ್ಟಿದ್ದೇವೆಯೇ, ಇಲ್ಲಾ ಕೋರಸ್ಸಿಗೆ ನಿಲ್ಲಿಸಿ ಮುಗಿಸಿದ್ದೇವೆಯೇ? ಇದಕ್ಕೆಲ್ಲ ಉತ್ತರ ಕೊಡದೆ ನಾವು ಲಾಹೋರು, ಕಾಠ್ಮಂಡುವಿನವರ ಜೊತೆ ಕೈ ಕುಲುಕಲು ಹೊರಟರೆ ಅವರಿಗೂ ನಮಗೂ ಏನು ವ್ಯತ್ಯಾಸ?

'ಕಲೆಯಲ್ಲಿ ಜಾತಿ ಯಾಕೆ ತರ್ತೀರಿ?' ಅಂತ ಮೇಷ್ಟ್ರುಗಳು ಕೇಳುತ್ತಾರೆ. ತಂದವರು ನಾವಲ್ಲ ಸ್ವಾಮಿ. ವೀಣೆಗೆ ಒಂದು ಜಾತಿ, ತಮಟೆಗೆ ಒಂದು ಜಾತಿ ಅಂತ ಮಾಡಿಟ್ಟವರನ್ನು ಕೇಳಿ. 1973ರಲ್ಲಿ ಮಂತ್ರಿ ಬಸವಲಿಂಗಪ್ಪನವರು ಸಾಹಿತ್ಯದಲ್ಲಿ ಬೂಸಾ ಇದೆ ಅಂದಾಗ ಇದೇ ಕಲೆ, ಸಾಹಿತ್ಯದ ಹೆಸರಿನಲ್ಲೇ ಹಾಸ್ಟೆಲ್ ಹುಡುಗರ ಮೇಲೆ ಕೈ ಮಾಡಿದರು. ಆ ಏಟಿನಿಂದಲೇ ಕರ್ನಾಟಕದ ದಲಿತ ಚಳವಳಿ ಎದ್ದಿತು, 1975ರಲ್ಲಿ ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು, ಹಾಡುಗಳು ಪುಸ್ತಕಕ್ಕಿಂತ ಮುಂಚೆ ಬಾಯಿಂದ ಬಾಯಿಗೆ ಊರೂರು ಸುತ್ತಿದವು. ಹಾಡು ಕಟ್ಟಿದವನೊಬ್ಬ, ರಾಗ ಹಾಕಿದವನೊಬ್ಬ, ತಮಟೆ ಬಡಿದವನೊಬ್ಬ, ಗೋಡೆಗೆ ಬರೆದವನೊಬ್ಬ. 'ಕೂಡಿ ಮಾಡುವ ಕಲೆ' ಅಂತ ಅದಕ್ಕೆ ಯಾರೂ ಹೆಸರಿಡಲಿಲ್ಲ, ಅಷ್ಟೇ.

ಹಾಗಾದರೆ ನಾವು ಏನು ಮಾಡೋಣ? ದೊಡ್ಡ ಮಾತು ಬೇಡ, ಆಗುವ ಕೆಲಸ ಹೇಳುತ್ತೇವೆ.

ಯಾರೇ ಬಂದು ಕೂಡಿ ಕಲೆ ಮಾಡೋಣ ಅಂದರೆ ಮೊದಲೇ ನಾಲ್ಕು ಮಾತು ಕೇಳಿ. ಹೆಸರು ಹಾಕ್ತೀರಾ, ಒಬ್ಬೊಬ್ಬರದೂ? ಕೂಲಿ ಎಷ್ಟು, ನಿಮ್ಮ ನಟನಿಗೆ ಎಷ್ಟು, ನಮ್ಮ ತಮಟೆಯವನಿಗೆ ಎಷ್ಟು? ಕಥೆ ಬರೆಯುವಾಗ ನಾವು ಕೂರುತ್ತೇವಾ? ನೀವು ಹಿಡಿದ ಫೋಟೋ, ಹಾಡಿನ ರೆಕಾರ್ಡು ಯಾರದು? ನಾಲ್ಕಕ್ಕೂ ಸರಿ ಉತ್ತರ ಬಂದರೆ ಹೋಗಿ, ಮನಸ್ಸಿಟ್ಟು ಮಾಡಿ. ಬರದಿದ್ದರೆ ನಮಸ್ಕಾರ ಹೇಳಿ ಕಳಿಸಿ.

ಬೇಸಿಗೆ ರಜೆಗೆ ಊರಿಗೆ ಹೋದಾಗ ಕೇರಿಯ ಅಜ್ಜ ಅಜ್ಜಿಯರ ಹಾಡು ಬರೆದುಕೊಳ್ಳಿ. ಕನ್ನಡವೋ ತೆಲುಗೋ, ಹೇಗಿದೆಯೋ ಹಾಗೆ. ಕೆಳಗೆ ಹಾಡಿದವರ ಹೆಸರು, ಊರು ಬರೆಯಿರಿ. ಅವರು ಬೇಡ ಅಂದರೆ ಬಿಡಿ. ದಕ್ಕಲರು ಬಂದರೆ ಜಗುಲಿ ಮೇಲೆ ಅಲ್ಲ, ನಡುಮನೆಯಲ್ಲಿ ಕೂರಿಸಿ ಕಥೆ ಕೇಳಿ. ಹಾಸ್ಟೆಲಿನಲ್ಲಿ ತಿಂಗಳಿಗೊಂದು ರಾತ್ರಿ ಹಾಡಿನದು ಅಂತ ಮಾಡಿ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಹಾಸ್ಟೆಲುಗಳು ಒಂದೊಂದು ತಿಂಗಳು ಒಬ್ಬರ ಮನೆಗೆ ಒಬ್ಬರು ಹೋದ ಹಾಗೆ ಹೋಗಿ ಬರಲಿ. ಹುಡುಗಿಯರ ಹಾಸ್ಟೆಲಿನವರು ಮೊದಲ ತಮಟೆ ಹಿಡಿಯಲಿ. ಗೊಲ್ಲರಹಟ್ಟಿಯ ಹುಡುಗರನ್ನೂ ಕರೆಯಿರಿ, ಗಣೆ ಊದಲಿ. ಗಣೆಯೂ ತಮಟೆಯೂ ಒಂದೇ ಚಾಪೆ ಮೇಲೆ ಕೂತ ದಿನ ಹಟ್ಟಿಯ ಗಡಿ ಒಂದು ಗೇಣಾದರೂ ಹಿಂದಕ್ಕೆ ಸರಿದೀತು.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಕೆರೆಯ ನೀರು ಕುಡಿದರು. ಆಮೇಲೆ ಊರಿನವರು ಗಂಜಲ ಸಗಣಿ ಸುರಿದು ಆ ಕೆರೆಯನ್ನು 'ಶುದ್ಧ' ಮಾಡಿಕೊಂಡರು. ನಮ್ಮ ಕಳ್ಳಂಬೆಳ್ಳದ ಕೆರೆಗೆ ಹೇಮಾವತಿ ನೀರು ಎಲ್ಲಿಂದಲೋ ನಾಲೆಯಲ್ಲಿ ಹರಿದು ಬರುತ್ತದೆ, ಇಲ್ಲಿಂದ ಶಿರಾ ಕೆರೆಗೆ ಹೋಗುತ್ತದೆ. ದಾರಿಯಲ್ಲಿ ಎಷ್ಟು ಜಾತಿಯ ಊರು ದಾಟಿತು ಅಂತ ನೀರನ್ನು ಯಾರೂ ಕೇಳುವುದಿಲ್ಲ. ಮನುಷ್ಯರನ್ನು ಮಾತ್ರ ಕೇಳುತ್ತಾರೆ. ಆ ಪ್ರಶ್ನೆ ಕೇಳುವುದು ನಿಲ್ಲುವ ತನಕ 'ದಕ್ಷಿಣ ಏಷ್ಯಾ' ಅನ್ನುವುದು ಬರೀ ನಕ್ಷೆಯ ಮಾತು. ಆ ಪ್ರಶ್ನೆ ನಿಲ್ಲಿಸುವ ಕೆಲಸಕ್ಕೆ ಹಾಡು ಬೇಕು, ನಾಟಕ ಬೇಕು, ತಮಟೆಯೂ ಬೇಕು. ತಮಟೆಯ ಜೊತೆ ತಮಟೆಯವನ ಹೆಸರೂ ಬೇಕು.

ಜೈ ಭೀಮ್.